ಸಂಡಿಗೆ ಮೀಮಾಂಸೆ: ಮಾರೇನಹಳ್ಳಿಯ ತಾರಸಿಗಳನ್ನು ಕುರಿತ ಒಂದು ಘನ ಅಧ್ಯಯನ

ಬೆಂಗಳೂರಿನಲ್ಲಿ ಮಾರೇನಹಳ್ಳಿ ಒಂದಲ್ಲ. ಜಯನಗರ, ಜೆ.ಪಿ. ನಗರದ ಕಡೆಗೊಂದಿದೆ, ವಿಜಯನಗರದ ಮಗ್ಗುಲಲ್ಲೊಂದಿದೆ. ಈ ಪ್ರಬಂಧದ ವ್ಯಾಪ್ತಿ ಎರಡನೆಯದಕ್ಕೆ ಸೀಮಿತ. ಕ್ಷೇತ್ರನಿರ್ಣಯವಾಗದೆ ಹೊರಡಬಾರದೆಂಬುದು ವಿದ್ವಾಂಸರ ಮತ. ಆಟೋದವರ ಮತವೂ ಅದೇ.

ಕ್ಷೇತ್ರದೊಳಗೂ ನಮ್ಮ ಆಸಕ್ತಿ ನೆಲದ ಮೇಲಿಲ್ಲ, ತಾರಸಿಯ ಮೇಲಿದೆ. ಇಪ್ಪತ್ತು-ಮೂವತ್ತರ ಸೈಟುಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಬೀದಿಯಲ್ಲಿ ತಾರಸಿಗಳೆಲ್ಲ ಸೇರಿ ಇನ್ನೊಂದು ಊರೇ ಆಗಿತ್ತು. ಕೆಳಗಿನ ಊರಿಗೆ ಮನೆ ನಂಬರು, ಕ್ರಾಸು, ಮೇನು ಎಲ್ಲ ಇದ್ದವು. ಮೇಲಿನ ಊರಿಗೆ ಮೊಣಕಾಲೆತ್ತರದ ಪ್ಯಾರಾಪೆಟ್ಟು ಬಿಟ್ಟರೆ ಬೇರೆ ಗಡಿ ಇರಲಿಲ್ಲ. ಅಲ್ಲಿನ ಮುಖ್ಯ ಬೆಳೆ ಸಂಡಿಗೆ. ಉಪಬೆಳೆಗಳು ಹಪ್ಪಳ, ಬಾಳಕದ ಮೆಣಸಿನಕಾಯಿ, ಮತ್ತೆ ವರ್ಷದ ಸಾರಿನಪುಡಿಗೆಂದು ಹರವಿದ ಬ್ಯಾಡಗಿ.

ಇನ್ನು ಕಾಲನಿರ್ಣಯ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತದೆ ಎಂಬ ಮಾತಿನಿಂದ ಸಂಡಿಗೆ ಯುಗದ ಆದಿ ತಿಳಿಯುತ್ತದೆ. ಅದರ ಅಂತ್ಯ ಏಪ್ರಿಲ್ ಕೊನೆಗೆ ಹುಟ್ಟುವ ಭರಣಿ ಮಳೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯಿದೆ. ಗಾದೆ ಕಟ್ಟಿದವನ ಮನೆಯಲ್ಲಿ ಅಂದು ಸಂಡಿಗೆ ಒಣಗುತ್ತಿರಲಿಲ್ಲವೆಂದು ಧೈರ್ಯವಾಗಿ ಊಹಿಸಬಹುದು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಈ ಊರಿನಲ್ಲಿ ಫೆಬ್ರವರಿ, ಮಾರ್ಚ್ ತಿಂಗಳ ಗಾಳಿ ಒಣಗಾಳಿ. ಏಪ್ರಿಲ್ ಅರ್ಧ ಕಳೆಯುತ್ತಿದ್ದಂತೆ ನೆಲ ಕಾದು, ತೇವದ ಗಾಳಿ ಮೇಲೇರಿ, ಮಧ್ಯಾಹ್ನ ಮೂರರ ಮೇಲೆ ಎಲ್ಲಿಂದಲೋ ಮೋಡ ಕಟ್ಟುತ್ತದೆ. ಆಗ ಬೀದಿಯ ಯಾವುದೋ ತಾರಸಿಯಿಂದ ಒಂದು ಕೂಗು ಹೊರಡುತ್ತಿತ್ತು: 'ಮಳೇ... ಸಂಡಿಗೆ ಎತ್ರೋ!' ಯಾರ ಮನೆಯ ಸಂಡಿಗೆಯೆಂಬುದು ಅಪ್ರಸ್ತುತ. ಕೈಗೆ ಸಿಕ್ಕ ಪಂಚೆಯ ನಾಲ್ಕು ಮೂಲೆ ಹಿಡಿದು ಹತ್ತಿರದ ಮೆಟ್ಟಿಲ ಕೋಣೆಗೆ ಓಡಬೇಕು. ಒಡೆತನದ ತಕರಾರು ಆಮೇಲೆ.

ಇಲ್ಲೊಂದು ತೊಡಕಿದೆ. ಮಾರ್ಚಿನಲ್ಲಿ ಬಿಸಿಲಿತ್ತು, ಕಾವಲಿಗೆ ಜನವಿರಲಿಲ್ಲ, ಮಕ್ಕಳಿಗೆ ಪರೀಕ್ಷೆ. ಏಪ್ರಿಲ್ 10ಕ್ಕೆ ಶಾಲೆಯಲ್ಲಿ ಪಾಸು-ಫೇಲು ಹೇಳಿದ ಮರುದಿನ, ಪಾಸಾದವರು ಫೇಲಾದವರೆಂಬ ಭೇದವಿಲ್ಲದೆ ಎಲ್ಲರೂ ಕಾಗೆ ಓಡಿಸುವ ಹುದ್ದೆಗೆ ಅರ್ಹರಾಗುತ್ತಿದ್ದರು. ಅಲ್ಲಿಗೆ ಬಿಸಿಲೂ ಹುಡುಗರೂ ಒಟ್ಟಿಗೆ ದೊರೆಯುವ ಅವಧಿ ಎರಡು ವಾರಕ್ಕೆ ಇಳಿಯಿತು. ಅಷ್ಟರಲ್ಲಿ ಇಡೀ ವರ್ಷದ ಡಬ್ಬಗಳು ತುಂಬಬೇಕಿತ್ತು. ಉಳಿದ ದಿನಗಳ ಹೊಣೆ ನಿವೃತ್ತ ತಾತಂದಿರದು. ಅವರು ಪೇಪರು ಓದುತ್ತ ಕಾಯುತ್ತಿದ್ದರು. ಅಂದರೆ ಕಾಯುತ್ತಿರಲಿಲ್ಲ.

ಪೂರ್ವಸೂರಿಗಳನ್ನು ನೆನೆಯದೆ ಮುಂದುವರಿಯುವುದು ಶಿಷ್ಟಾಚಾರವಲ್ಲ. 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಗೊಂದು ಅಧ್ಯಾಯವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' 12ನೇ ಶತಮಾನದ್ದು. ರಾಜಭೋಜನದ ವರ್ಣನೆ ಓದಿದರೆ ಆತ ರಾಜ್ಯ ಆಳಿದ್ದು ಯಾವಾಗ ಎಂಬ ಪ್ರಶ್ನೆ ಏಳುತ್ತದೆ. ಮಂಗರಸನ 'ಸೂಪಶಾಸ್ತ್ರ'ವಂತೂ ಪೂರ್ತಿ ಪದ್ಯದಲ್ಲಿದೆ. ಇವನ್ನೆಲ್ಲ ಈ ಲೇಖಕ ಆಮೂಲಾಗ್ರ ಓದಿದ್ದಾನೆಂದು ಯಾರೂ ಭಾವಿಸಬಾರದು. ಉಲ್ಲೇಖಿಸುವುದಕ್ಕೆ ಓದಿರಲೇಬೇಕು ಎಂಬ ನಿರ್ಬಂಧ ಬಂದರೆ ನಾಡಿನಲ್ಲಿ ಸಂಶೋಧನೆಯೇ ನಿಂತುಹೋದೀತು.

ಈಗ ವಿಧಿ. ಅಕ್ಕಿ ನೆನೆಸಿ ರುಬ್ಬಬೇಕು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು ಉಪ್ಪು, ಅರೆದ ಹಸಿಮೆಣಸಿನಕಾಯಿ, ಜೀರಿಗೆ, ಇಂಗು ಹಾಕಿ, ಹಿಟ್ಟು ಸುರಿಯುತ್ತ ಗಂಟಾಗದಂತೆ ತಿರುವುತ್ತಲೇ ಇರಬೇಕು. ತಿರುವುವುದೆಂದರೆ ಸುಮ್ಮನೆ ಸೌಟು ಆಡಿಸುವುದಲ್ಲ. ಹಿಟ್ಟು ಬೆಂದಷ್ಟೂ ಬಿಗಿಯಾಗುತ್ತದೆ, ತೋಳು ಸೋಲುತ್ತದೆ, ತಳ ಹತ್ತುತ್ತದೆ. ಕೊನೆಗೆ ನಿಂಬೆರಸ. ಇದಿಷ್ಟೂ ಬಿಸಿಲೇರುವುದಕ್ಕೆ ಮುಂಚೆ ಮುಗಿಯಬೇಕಾದ್ದರಿಂದ ಒಲೆ ಹೊತ್ತುವುದು ಬೆಳಗಿನ ನಾಲ್ಕಕ್ಕೆ. ಮೇಲೆ ಹಳೇ ಪಂಚೆಯನ್ನು ಒದ್ದೆ ಮಾಡಿ ಹಾಸಿ, ಮೂಲೆಗೆ ಕಲ್ಲಿಟ್ಟು, ಚಕ್ಕುಲಿ ಒರಳಿನಿಂದ ಒತ್ತುವುದು ಅಥವಾ ಚಮಚದಲ್ಲಿ ಬಿಡುವುದು. ಸಂಜೆ ಬಟ್ಟೆ ಮಗುಚಿ, ಹಿಂಬದಿಗೆ ನೀರು ಚಿಮುಕಿಸಿ ಬಿಡಿಸಿಕೊಳ್ಳುವುದು. ಬೂದುಗುಂಬಳ ಬೆರೆಸಿದ ಅರಳು ಸಂಡಿಗೆ, ಸಬ್ಬಕ್ಕಿ ಸಂಡಿಗೆಗಳ ವಿಧಿ ಬೇರೆ, ಸ್ಥಳಾಭಾವದಿಂದ ಬಿಟ್ಟಿದೆ.

ಸಂಡಿಗೆ ಒಣಗಿದೆ ಎಂಬ ಜ್ಞಾನ ಹುಟ್ಟುವುದು ಹೇಗೆ? ಇದು ಪ್ರಮಾಣಶಾಸ್ತ್ರದ ಪ್ರಶ್ನೆ. ಅಂಚು ಎದ್ದು ನಿಂತದ್ದು ಕಣ್ಣಿಗೆ ಕಂಡರೆ ಪ್ರತ್ಯಕ್ಷ. ಎರಡನ್ನು ಒಂದಕ್ಕೊಂದು ತಾಕಿಸಿದಾಗ ಟಕ್ಕೆಂದರೆ ಅನುಮಾನ. ಕಟ್ಟೆಯ ಮೇಲೆ ಕೂತ ಅಜ್ಜಿ ಮುಟ್ಟಿಯೂ ನೋಡದೆ 'ಇನ್ನೊಂದ್ ಬಿಸಿಲು ಬೇಕು' ಎಂದರೆ ಅದು ಶಬ್ದಪ್ರಮಾಣ. ಅದು ಬಂದ ಮೇಲೆ ಉಳಿದೆರಡಕ್ಕೂ ಬೆಲೆಯಿಲ್ಲ. ಭಾಟ್ಟ ಮೀಮಾಂಸಕರು ಅನುಪಲಬ್ಧಿ ಎಂಬ ಇನ್ನೊಂದನ್ನೂ ಒಪ್ಪುತ್ತಾರೆ. ಇರಬೇಕಾದ ವಸ್ತು ಕಾಣದಿದ್ದರೆ, ಕಾಣದಿರುವುದೇ ಅದು ಇಲ್ಲವೆಂಬುದಕ್ಕೆ ಪ್ರಮಾಣ. ಮಾರೇನಹಳ್ಳಿಯಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಇದೇ. ಬೆಳಗ್ಗೆ ಒತ್ತಿದ ಸಾಲಿನಲ್ಲಿ ಮಧ್ಯಾಹ್ನ ನಾಲ್ಕು ಕಾಣದಿದ್ದರೆ, ಸಂಡಿಗೆ ಇಲ್ಲವೆಂಬುದಷ್ಟೇ ಅಲ್ಲ, ಕಾವಲಿಗಿದ್ದವನು ಯಾರೆಂಬುದೂ ಸಿದ್ಧವಾಗುತ್ತಿತ್ತು. ಮೇಲೆ ಒಣಗಿ ಒಳಗೆ ಮೆತ್ತಗಿರುವ ಸಂಡಿಗೆಗೆ ಕರಿದ ಸಂಡಿಗೆ ಸಮವಲ್ಲ. ಈ ತತ್ತ್ವ ಬಲ್ಲವರನ್ನೇ ಕಾವಲಿಗೆ ಕೂರಿಸಿದ್ದು ಆಡಳಿತದ ಲೋಪ.

ಪೂರ್ವಪಕ್ಷ ಹೇಳುತ್ತಿತ್ತು: 'ನಾನಲ್ಲ ಅಜ್ಜಿ, ಕಾಗೆ.' ಕಾಗೆಯ ಪರವಾಗಿ ಎರಡು ಮಾತು ಇಲ್ಲಿ ಅಗತ್ಯ. ಅಮೆರಿಕದ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್‌ಲಫ್ ತಂಡದವರು 2006ರಲ್ಲಿ ಆದಿಮಾನವನ ಮುಖವಾಡ ತೊಟ್ಟು ಕೆಲವು ಕಾಗೆಗಳನ್ನು ಹಿಡಿದು ಬಿಟ್ಟರು. ಆಮೇಲೆ ಆ ಮುಖವಾಡ ಹಾಕಿ ಓಡಾಡಿದವರನ್ನೆಲ್ಲ ಕಾಗೆಗಳು ವರ್ಷಗಟ್ಟಲೆ ಬೈದವು. ಹೋಲಿಕೆಗೆಂದು ಅವರು ಬಳಸಿದ್ದು ಆಗಿನ ಉಪಾಧ್ಯಕ್ಷ ಡಿಕ್ ಚೇನಿಯ ಮುಖವಾಡ. ಅದರ ತಂಟೆಗೆ ಕಾಗೆಗಳು ಅಷ್ಟಾಗಿ ಹೋಗಲಿಲ್ಲ. ಕಾಗೆ ಮುಖ ನೆನಪಿಟ್ಟುಕೊಳ್ಳುತ್ತದೆ ಎಂಬ ಈ ತೀರ್ಮಾನಕ್ಕೆ ಬರಲು ಮುಖವಾಡದ ಖರ್ಚು ಬೇಕಿರಲಿಲ್ಲ. ಬಿಡಿಸಿಟ್ಟ ಕರಿ ಛತ್ರಿಗೆ ಒಂದು ದಿನ, ಕೋಲಿಗೆ ಕಟ್ಟಿದ ಕಪ್ಪು ಬಟ್ಟೆಗೆ ಎರಡು ದಿನ ಹೆದರಿ, ಮೂರನೆಯ ದಿನ ಛತ್ರಿಯ ಮೇಲೆಯೇ ಕೂತು ಸಂಡಿಗೆ ಮುಕ್ಕಿದ ನಮ್ಮ ಕಾಗೆಗಳನ್ನು ಯಾರೂ ಸಂದರ್ಶಿಸಲಿಲ್ಲ, ಅಷ್ಟೆ. ನಿದ್ದೆಗೆ ಜಾರುವ ಹುಡುಗ ಯಾರೆಂಬುದೂ ಅವಕ್ಕೆ ಗೊತ್ತಿತ್ತು.

ಪ್ರಸ್ತುತ ಸ್ಥಿತಿಯ ಅಧ್ಯಯನಕ್ಕೆ ಈ ಲೇಖಕ ಮೆಟ್ರೊ ಹತ್ತಿದ್ದಾನೆ. 2015ರ ನವೆಂಬರಿನಿಂದ ಮಾಗಡಿ ರಸ್ತೆ, ಮೈಸೂರು ರಸ್ತೆಗಳ ನಡುವೆ ನೇರಳೆ ಮಾರ್ಗದ ರೈಲು ಎತ್ತರದಲ್ಲಿ ಓಡುತ್ತಿದೆ. ಅತ್ತಿಗುಪ್ಪೆಯಿಂದ ಹೊಸಹಳ್ಳಿಯವರೆಗೆ ಕಿಟಕಿ ಪಕ್ಕ ನಿಂತರೆ ಪಶ್ಚಿಮ ಬೆಂಗಳೂರಿನ ತಾರಸಿಗಳು ಸಾಲಾಗಿ ಕಾಣಿಸುತ್ತವೆ. ಕಂಡದ್ದು: ಕರಿ ಟ್ಯಾಂಕು, ಪಕ್ಕದಲ್ಲಿ ಇನ್ನೊಂದು ಕರಿ ಟ್ಯಾಂಕು, ಸೋಲಾರ್ ಗೀಜರು, ಡಿಶ್ಶು, ಬಾಡಿಗೆಗೆಂದು ಎಬ್ಬಿಸಿದ ಒಂಟಿ ರೂಮು, ಆ ರೂಮಿನವನ ಜೀನ್ಸು. ಮಳೆನೀರು ಸಂಗ್ರಹ ಕಡ್ಡಾಯವೆಂದು 2009ರಲ್ಲಿ ಕಾನೂನು ಬಂದ ಮೇಲೆ ಪೈಪುಗಳೂ ಬಂದಿವೆ. ಸಂಡಿಗೆ ಒಣಗಿಸುತ್ತಿದ್ದ ಸೂರ್ಯನೀಗ ಸ್ನಾನದ ನೀರು ಕಾಯಿಸುವ ಇಲಾಖೆಗೆ ವರ್ಗವಾಗಿದ್ದಾನೆ. 2016ರ ಏಪ್ರಿಲ್ 24ರಂದು ಬೆಂಗಳೂರಿನ ತಾಪಮಾನ 39.2 ಡಿಗ್ರಿ ಮುಟ್ಟಿ ದಾಖಲೆಯಾಯಿತು. ಒಂದೇ ದಿನದಲ್ಲಿ ಸಂಡಿಗೆ ಒಣಗಿ ಟಕ್ಕೆನ್ನಬಹುದಾಗಿದ್ದ ಆ ಬಿಸಿಲು ನಮ್ಮ ಬೀದಿಯಲ್ಲಿ ಪೂರ್ತಿ ಪೋಲಾಯಿತು. ಎಲ್ಲರೂ ಫ್ಯಾನಿನ ಕೆಳಗೆ ಮಲಗಿ 'ಮೊದ್ಲೆಲ್ಲ ಹಿಂಗಿರ್ಲಿಲ್ಲ ಬೆಂಗ್ಳೂರು' ಎನ್ನುತ್ತಿದ್ದರು.

ಹಾಗೆಂದು ಸಂಡಿಗೆಗೆ ಬರವಿಲ್ಲ. ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಎಲ್ಲ ಬಗೆಯೂ ಪೊಟ್ಟಣದಲ್ಲಿ ಸಿಗುತ್ತವೆ, ಮಳೆಗಾಲದಲ್ಲೂ. ಸಿಗದಿರುವುದು ಕಾವಲು ಕೆಲಸ ಮಾತ್ರ. ಇಲ್ಲಿಗೆ ಪ್ರಬಂಧ ನಿಲ್ಲಿಸಿ, ಪರಂಪರೆ ಅಳಿಯಿತೆಂದು ಒಂದು ನಿಟ್ಟುಸಿರು ಬಿಟ್ಟರೆ ಓದುಗರು ಮೆಚ್ಚುತ್ತಾರೆ, ಲೇಖಕನಿಗೂ ಸುಲಭ. ಆದರೆ ಕ್ಷೇತ್ರಕಾರ್ಯದಲ್ಲಿ ಮಾಹಿತಿದಾರರೊಬ್ಬರು (ವಯಸ್ಸು 74, ಲೇಖಕನ ತಾಯಿ) ಸಿಕ್ಕಿದ್ದರಿಂದ ಅದು ಸಾಧ್ಯವಾಗಲಿಲ್ಲ.

'ಈಗ್ಯಾಕಮ್ಮ ಸಂಡಿಗೆ ಮಾಡಲ್ಲ?'

'ನೀನು ತಿರುವು. ನಾನು ಕೂತ್ಕೊಂಡು ಹೇಳ್ತೀನಿ.'

'ಆಗೆಲ್ಲ ಎಷ್ಟು ಚೆನ್ನಾಗಿತ್ತು.'

'ಯಾರಿಗೆ?'

ಸಂಶೋಧಕನ ಬಳಿ ಇದಕ್ಕೆ ಸಿದ್ಧ ಉತ್ತರವಿರಲಿಲ್ಲ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನ ಒಂದು ಕಟ್ಟಡದ ತಾರಸಿಯ ಮೇಲೆ ಏಳು ಜನ ಹೆಂಗಸರು ಎಂಬತ್ತು ರೂಪಾಯಿ ಸಾಲ ಮಾಡಿ ಹಪ್ಪಳ ಒತ್ತಲು ಕೂತರು. ಲಿಜ್ಜತ್ ಹುಟ್ಟಿದ್ದು ಹಾಗೆ. ಇವತ್ತು ಅದರಲ್ಲಿ ಹೆಂಗಸರು ಸಾವಿರಗಟ್ಟಲೆ ಇದ್ದಾರೆ, ಲಾಭದಲ್ಲೂ ಪಾಲು ಪಡೆಯುತ್ತಾರೆ. ಅದೇ ತಾರಸಿ, ಅದೇ ಬಿಸಿಲು, ಅದೇ ತೋಳುನೋವು. ಮಾರೇನಹಳ್ಳಿಯ ತಾರಸಿಯಲ್ಲಿ ಇಷ್ಟೇ ದುಡಿದವರಿಗೆ ಸಂದದ್ದು ಊಟದ ಹೊತ್ತಿನಲ್ಲಿ ಯಜಮಾನರ ಒಂದು ಷರಾ: 'ಈ ಸಲ ಉಪ್ಪು ಒಂಚೂರು ಮುಂದಾಯ್ತು.'

ಆದ್ದರಿಂದ ಸಿದ್ಧಾಂತ ಹೀಗೆ. ಸಂಡಿಗೆಯ ಕಾಲ ಚೆಂದವಿತ್ತೆಂಬುದು ಕಾವಲಿಗೆ ಕೂತು ಕದ್ದು ತಿಂದವರ ಮತ. ತಿರುವಿದವರ ಮತ ಬೇರೆಯಿದೆ, ಅದನ್ನು ಈವರೆಗೆ ಯಾರೂ ಬರೆದಿಟ್ಟಿಲ್ಲ, ಅವರಿಗೆ ಪುರುಸೊತ್ತಿರಲಿಲ್ಲ. ಪೊಟ್ಟಣದ ಸಂಡಿಗೆಗೆ ರುಚಿಯಿಲ್ಲವೆಂದು ಗೊಣಗುವವನಿಗೆ ಗೊಣಗುವ ಅಧಿಕಾರ ಬರಬೇಕಾದರೆ ಒಂದು ಸೇರು ಅಕ್ಕಿಯ ಹಿಟ್ಟನ್ನಾದರೂ ಗಂಟಿಲ್ಲದೆ ತಿರುವಿರಬೇಕು.

ಈ ಮತವನ್ನು ಪರೀಕ್ಷಿಸಲು ಬರುವ ಶಿವರಾತ್ರಿಯ ನಂತರದ ಮೊದಲ ಭಾನುವಾರ ನಮ್ಮ ತಾರಸಿಯಲ್ಲಿ ಪ್ರಯೋಗ ಏರ್ಪಡಿಸಲಾಗಿದೆ. ಎರಡು ಟ್ಯಾಂಕಿನ ನಡುವೆ ಒಂದು ಪಂಚೆಯಷ್ಟು ಜಾಗ ತೆರವಾಗಿದೆ. ತಿರುವಲು ಗಂಡಸರು ಬೇಕಾಗಿದ್ದಾರೆ, ಬೆಳಗಿನ ನಾಲ್ಕಕ್ಕೆ ಬರಬೇಕು. ಕಾವಲಿಗೆ ಮಾತ್ರ ದಯವಿಟ್ಟು ಯಾರೂ ಅರ್ಜಿ ಹಾಕಬೇಡಿ. ಆ ಹುದ್ದೆ ಮಾಹಿತಿದಾರರಿಗೆ ಮೀಸಲು, ತಿನ್ನುವ ಹಕ್ಕೂ ಸೇರಿ.