ಚಾಲಕೋಚ್ಚಾಟನ ಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥ ಶುರುವಾಗುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿ ಮುಗಿಸಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಪ್ರಸ್ತುತ ಗ್ರಂಥದ ವಿಷಯ: ಗೃಹಸ್ಥರ ಕಂಪ್ಯೂಟರಿನಿಂದ ಗ್ರಾಫಿಕ್ಸ್ ಕಾರ್ಡಿನ ಡ್ರೈವರನ್ನು ನಿರಪಾಯವಾಗಿ ತೆಗೆಯುವುದು ಮತ್ತು ಮರಳಿ ಕೂರಿಸುವುದು. ಪ್ರಯೋಜನ: ಇಹದಲ್ಲಿ ಪರದೆ ಬೆಳಗುವುದು, ಪರದ ಬಗ್ಗೆ ಗ್ರಂಥಕರ್ತ ಜವಾಬ್ದಾರನಲ್ಲ. ಸಂಬಂಧ: ಹಳೆಯ ಡ್ರೈವರಿಗೂ ಹೊಸತಕ್ಕೂ ದಾಯಾದಿ ಸಂಬಂಧ. ಅಧಿಕಾರಿ ಯಾರೆಂದರೆ, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬಲ್ಲವನು. ಆಫೀಸಿನ ಲ್ಯಾಪ್‌ಟಾಪ್ ಹಿಡಿದವನು ಈ ಕರ್ಮಕ್ಕೆ ಅನಧಿಕಾರಿ, ಐ.ಟಿ. ವಿಭಾಗಕ್ಕೆ ಟಿಕೆಟ್ ಹಾಕಿ ಕಾದು ಕೂರುವುದೇ ಅವನಿಗೆ ವಿಹಿತವಾದ ತಪಸ್ಸು.

ಈ ವಿಷಯದಲ್ಲಿ ಮತಭೇದ ಹಳೆಯದು. ಯಥಾಸ್ಥಿತಿವಾದಿಗಳು ಓಡುತ್ತಿರುವುದನ್ನು ಮುಟ್ಟಬಾರದು ಎಂಬ ಒಂದೇ ಸೂತ್ರ ಹಿಡಿದು, ಮೂರು ವರ್ಷ ಹಳೆಯ ಡ್ರೈವರಿನಲ್ಲೇ ಸುಖವಾಗಿದ್ದಾರೆ. ಇವರ ಜೊತೆ ವಾದಕ್ಕಿಳಿದವರು ಗೆದ್ದ ದಾಖಲೆ ಇಲ್ಲ. ಇವರಿಗೆ ತದ್ವಿರುದ್ಧ ತುದಿಯಲ್ಲಿರುವವರು ಪ್ರಳಯವಾದಿಗಳು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಸಾಲಿನಲ್ಲಿ ಇವರ ಪೀಠವುಂಟು. ರೋಗಲಕ್ಷಣ ಪೂರ್ತಿ ಕೇಳುವ ಮೊದಲೇ "ಫಾರ್ಮ್ಯಾಟ್ ಹೊಡೆದ್ಬಿಡೋಣ ಸಾರ್, ಹೊಸದರ ಥರ ಆಗತ್ತೆ" ಎಂಬ ಮಹಾವಾಕ್ಯ ಉಪದೇಶವಾಗುತ್ತದೆ. ಸೃಷ್ಟಿಯಲ್ಲಿ ದೋಷ ಕಂಡರೆ ಸೃಷ್ಟಿಯನ್ನೇ ಲಯಗೊಳಿಸುವ ಈ ಮತದ ತರ್ಕ ನಿರ್ದುಷ್ಟವಾದದ್ದೇ. ಮಗಳ ನಾಮಕರಣದ ಫೋಟೋಗಳು ಡಿ ಡ್ರೈವಿನಲ್ಲಿವೆಯೋ ಡೆಸ್ಕ್‌ಟಾಪಿನಲ್ಲಿವೆಯೋ ಎಂಬ ಸಣ್ಣ ಆಕ್ಷೇಪವೊಂದನ್ನು ಬಿಟ್ಟರೆ.

ನಡುವೆ ಇನ್ನಿಬ್ಬರಿದ್ದಾರೆ. ಉಪರಿಸ್ಥಾಪನವಾದಿಗಳು ಹಳೆಯದರ ಮೇಲೆಯೇ ಹೊಸತನ್ನು ಹಾಕುವವರು. ಕಾರ್ಡು ತಯಾರಿಸಿದ ಕಂಪನಿಗಳು ಇವರ ಪರ. ಎನ್‌ವಿಡಿಯಾದ ಸೆಟಪ್ಪಿನಲ್ಲಿ 'ಕಸ್ಟಮ್' ಆರಿಸಿದರೆ 'ಕ್ಲೀನ್ ಇನ್‌ಸ್ಟಾಲೇಶನ್' ಎಂಬ ಚೌಕ ಸಿಗುತ್ತದೆ. ಎಎಂಡಿಯಲ್ಲಿ ಅದರ ಹೆಸರು 'ಫ್ಯಾಕ್ಟರಿ ರೀಸೆಟ್'. ನಾಲ್ಕನೆಯವರು ಉಚ್ಚಾಟನವಾದಿಗಳು. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್, ಸಂಕ್ಷಿಪ್ತವಾಗಿ ಡಿಡಿಯು ಎಂಬ ಉಚಿತ ತಂತ್ರಾಂಶವೇ ಇವರ ಮಂತ್ರದಂಡ. ಇವರಲ್ಲಿ ಬಹುತೇಕರು ತರುಣರು. ಆಟದಲ್ಲಿ ಫ್ರೇಮು ಎರಡು ಕಡಿಮೆಯಾದರೂ ಡಿಡಿಯು, ನೆಟ್ ನಿಧಾನವಾದರೂ ಡಿಡಿಯು. ಆದರೆ ಡಿಡಿಯುವಿನ ಕರ್ತೃವೇ ತನ್ನ ಸೂಚನೆಗಳಲ್ಲಿ ಇದು ಪ್ರತಿ ಅಪ್‌ಡೇಟಿಗೂ ಬಳಸುವ ವಸ್ತುವಲ್ಲ, ಡ್ರೈವರ್ ಕಿತ್ತು ಬರದಿದ್ದಾಗ ಅಥವಾ ಒಂದು ಕಂಪನಿಯ ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಬಳಸಿ ಎಂದಿದ್ದಾನೆ. ಮೂಲಕ್ಕಿಂತ ಭಾಷ್ಯ ಉಗ್ರವಾಗುವುದು ಎಲ್ಲ ಮತಗಳಲ್ಲೂ ಇದ್ದದ್ದೇ.

ನಮ್ಮ ಪಕ್ಷ ಇಷ್ಟು: ನಿತ್ಯಕ್ಕೆ ಉಪರಿಸ್ಥಾಪನ, ನೈಮಿತ್ತಿಕಕ್ಕೆ ಉಚ್ಚಾಟನ. ಅಪಾಯವಿರುವುದು ಡ್ರೈವರಿನಲ್ಲೂ ಅಲ್ಲ, ಅದನ್ನು ಕೀಳುವ ಉಪಕರಣದಲ್ಲೂ ಅಲ್ಲ. ಒಂದು ಹೋಗಿ ಇನ್ನೊಂದು ಬರುವ ನಡುಗಾಲದಲ್ಲಿ. ಇದನ್ನು ಮುಂದೆ ಅರಾಜಕವಾದವೆಂದು ನಿರೂಪಿಸಲಾಗುವುದು.

ಅದಕ್ಕೂ ಮುಂಚೆ ದೋಷನಿರ್ಣಯ. ಪರದೆ ಮಿಣುಕಿತು ಎಂದಾಕ್ಷಣ ಡ್ರೈವರನ್ನು ಅಪರಾಧಿಯೆಂದು ಹಿಡಿಯುವುದು ನ್ಯಾಯಸಮ್ಮತವಲ್ಲ. ಮಾನಿಟರಿನ ಕೇಬಲನ್ನು ಕಾರ್ಡಿಗೆ ಚುಚ್ಚುವ ಬದಲು ಮದರ್‌ಬೋರ್ಡಿಗೆ ಚುಚ್ಚಿ, ಆಟ ತೆವಳುತ್ತಿದೆಯೆಂದು ಮೂರು ಡ್ರೈವರುಗಳನ್ನು ಬಲಿಕೊಟ್ಟ ಗೃಹಸ್ಥರುಂಟು. ಧೂಳು ಕಟ್ಟಿದ ಫ್ಯಾನು, ಬಲ ಸಾಲದ ಪವರ್ ಸಪ್ಲೈ, ಸಡಿಲ ಎಚ್‌ಡಿಎಂಐ ಪಿನ್ನು, ಇವೆಲ್ಲ ಡ್ರೈವರಿನ ವೇಷ ಧರಿಸಿ ಬರಬಲ್ಲವು. ವಿಂಡೋಸ್ ಅಂತೂ ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಒಪ್ಪಿಸಿ ಸಾಮಾನ್ಯವಾಗಿ 2 ಸೆಕೆಂಡು ಮಾತ್ರ ಕಾಯುತ್ತದೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಡ್ರೈವರನ್ನು ತಾನೇ ಹಿಡಿದು ಮರುಚಾಲನೆ ಮಾಡುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮರಳುವುದು ಎಷ್ಟೋ ಸಲ ಇದರಿಂದಲೇ. ನಾವೇ ಇದನ್ನು ಮಾಡಿಸಬೇಕಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಎಂಬ ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಇದು ಲಘುಪ್ರಾಯಶ್ಚಿತ್ತ; ಇದರಿಂದ ಶಮನವಾಗುವ ಪಾಪಕ್ಕೆ ಉಚ್ಚಾಟನ ಅತಿರೇಕ.

ಹಾಗೆಂದು ಡ್ರೈವರುಗಳನ್ನು ಪೂರ್ತಿ ನಿರಪರಾಧಿಗಳೆನ್ನಲು ಇತಿಹಾಸ ಬಿಡುವುದಿಲ್ಲ. 2007ರಲ್ಲಿ ವಿಂಡೋಸ್ ವಿಸ್ಟಾ ಕುಸಿದುಬಿದ್ದ ದಾಖಲಿತ ಪ್ರಸಂಗಗಳಲ್ಲಿ ಶೇ. 28.8 ಎನ್‌ವಿಡಿಯಾ ಡ್ರೈವರುಗಳ ಲೆಕ್ಕಕ್ಕೆ ಸೇರಿತ್ತೆಂದು ಮೈಕ್ರೋಸಾಫ್ಟಿನದೇ ಒಳಗಿನ ಕಡತವೊಂದು ಮೊಕದ್ದಮೆಯ ದೆಸೆಯಿಂದ ಮರುವರ್ಷ ಹೊರಬಿತ್ತು. 2010ರ ಮಾರ್ಚಿನಲ್ಲಿ 196.75 ಎಂಬ ಆವೃತ್ತಿ ಕೆಲವು ಕಾರ್ಡುಗಳ ಫ್ಯಾನಿನ ವೇಗವನ್ನೇ ಕೆಡಿಸಿ ಕಾರ್ಡು ಕಾಯಿಸತೊಡಗಿದಾಗ ಎನ್‌ವಿಡಿಯಾ ಅದನ್ನು ಹಿಂತೆಗೆದುಕೊಂಡಿತು. ಇಂಥ ಸಂದರ್ಭದಲ್ಲಿ ನೆನೆಯಬೇಕಾದ ಗುಂಡಿ 'ರೋಲ್ ಬ್ಯಾಕ್ ಡ್ರೈವರ್'. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ಹಿಡಿದು, ಪ್ರಾಪರ್ಟೀಸ್ ಒಳಗಿನ ಡ್ರೈವರ್ ಪುಟದಲ್ಲಿದೆ. ಒತ್ತಿದರೆ ನಿನ್ನೆಯ ಡ್ರೈವರ್ ಮರಳುತ್ತದೆ. ಆದರೆ ಉಚ್ಚಾಟನವಾದ ಮೇಲೆ ಈ ಗುಂಡಿ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಏಕೆಂದರೆ ಮರಳಲು ಪೂರ್ವಜರೇ ಉಳಿದಿರುವುದಿಲ್ಲ. ಆದ್ದರಿಂದ ಮೊದಲು ಇದು, ಆಮೇಲೆ ಅದು.

ಇನ್ನು ಶಾಸನಾಧ್ಯಯನ. ವಿದ್ವತ್ತಿಗೆ ನಿಜವಾದ ಅವಕಾಶವಿರುವುದು ಇಲ್ಲಿಯೇ ಆದ್ದರಿಂದ ತುಸು ನಿಧಾನಿಸೋಣ. ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವರಿನ ಆವೃತ್ತಿ 31.0.15.3623 ಎಂದು ಕೆತ್ತಿರುತ್ತದೆ. ಆದರೆ ಎನ್‌ವಿಡಿಯಾದ ತಾಣದಲ್ಲಿ ಅಂಥ ಸಂಖ್ಯೆಯ ಡ್ರೈವರೇ ಇರುವುದಿಲ್ಲ. ಅನೇಕ ಶಿಷ್ಯರು ಇಲ್ಲಿಯೇ ಧೈರ್ಯಗೆಟ್ಟು ಪ್ರಳಯವಾದಕ್ಕೆ ಮತಾಂತರ ಹೊಂದಿದ್ದಾರೆ. ಓದುವ ಕ್ರಮ ಹೀಗೆ: ಚುಕ್ಕಿಗಳನ್ನು ಮರೆತು ಬಲತುದಿಯ ಐದು ಅಂಕಿ ಹಿಡಿಯಬೇಕು, 53623. ಮೂರರ ಬಳಿಕ ಚುಕ್ಕಿ ಇಟ್ಟರೆ 536.23. ಮನೆಯಲ್ಲಿ ಯಾವುದಿದೆ, ತಾಣದಲ್ಲಿ ಯಾವುದಿದೆ ಎಂಬ ತುಲನೆ ಇದರಿಂದ ಸಾಧ್ಯ. ಎಡಭಾಗದ ಅಂಕಿಗಳನ್ನು ವಿಂಡೋಸಿನ ವಂಶಾವಳಿಯೆಂದು ತಿಳಿದು ನಮಸ್ಕರಿಸಿ ಮುಂದೆ ಹೋಗಬಹುದು.

ಇದಕ್ಕಿಂತ ಸ್ವಾರಸ್ಯದ್ದು ಉತ್ಖನನ. ಸಿಸ್ಟಮ್32 ಫೋಲ್ಡರಿನೊಳಗೆ ಡ್ರೈವರ್‌ಸ್ಟೋರ್, ಅದರೊಳಗೆ ಫೈಲ್‌ರೆಪಾಸಿಟರಿ ಎಂಬ ದಿಬ್ಬವಿದೆ. ಹಾಕಿದ ಡ್ರೈವರುಗಳ ಪ್ರತಿ ಇಲ್ಲಿ ಪದರಪದರವಾಗಿ ಶೇಖರವಾಗುತ್ತದೆ. ಕಂಟ್ರೋಲ್ ಪ್ಯಾನೆಲಿನಿಂದ ಅಳಿಸಿದೆನೆಂದು ಬೀಗುವವರು ಅಳಿಸಿದ್ದು ಮೇಲ್ಪದರ ಮಾತ್ರ ಆಗಿರಬಹುದು. ವಿಂಡೋಸ್ ಈ ದಿಬ್ಬದಿಂದ ಹಳೆಯ ಪ್ರತಿಯನ್ನೆತ್ತಿ ಮರುಹುಟ್ಟು ಕೊಡುತ್ತದೆ. ಈ ದಿಬ್ಬದಲ್ಲಿ ಎನ್‌ವಿಡಿಯಾ ಡ್ರೈವರಿನ ಫೋಲ್ಡರಿಗೆ 'ಎನ್‌ವಿ_ಡಿಸ್ಪಿ.ಐಎನ್‌ಎಫ್_ಎಎಂಡಿ64' ಎಂಬ ಧಾಟಿಯ ಹೆಸರಿರುತ್ತದೆ. ಕಟ್ಟಾ ಎನ್‌ವಿಡಿಯಾ ಭಕ್ತನೊಬ್ಬ ಇದನ್ನು ಕಂಡು, ಶತ್ರುರಾಜ್ಯದವರು ನುಸುಳಿದ್ದಾರೆಂದು ಫೋಲ್ಡರನ್ನೇ ಅಳಿಸಹೊರಟರೆ ಅವನನ್ನು ದೂರುವಂತಿಲ್ಲ. ವಾಸ್ತವದಲ್ಲಿ ಅದು ಪ್ರೊಸೆಸರ್ ಶೈಲಿಯ ಹೆಸರು. ಇಂದು ಇಂಟೆಲ್ ಪ್ರೊಸೆಸರುಗಳೂ ಪಾಲಿಸುವ 64 ಬಿಟ್ ವಿಸ್ತರಣೆಯನ್ನು ಮೊದಲು ರೂಪಿಸಿದ್ದು ಎಎಂಡಿ. 2003ರಲ್ಲಿ ಆಪ್ಟೆರಾನ್ ಚಿಪ್ಪಿನೊಂದಿಗೆ ಅದು ಮಾರುಕಟ್ಟೆಗೆ ಬಂತು, ಹೆಸರು ಉಳಿದುಕೊಂಡಿತು. ಇಂಟೆಲ್ ಪ್ರೊಸೆಸರಿರುವ ಮನೆಯಲ್ಲಿ ಎನ್‌ವಿಡಿಯಾ ಕಾರ್ಡಿನ ಡ್ರೈವರು ಎಎಂಡಿಯ ಬಿರುದು ಹೊತ್ತು ಮೈಕ್ರೋಸಾಫ್ಟಿನ ದಿಬ್ಬದಲ್ಲಿ ಮಲಗಿದೆ ಎಂದರೆ ಸಾಮಂತ ರಾಜಕಾರಣ ಎಷ್ಟು ಜಟಿಲವೆಂದು ಊಹಿಸಿಕೊಳ್ಳಿ. ಅಂತೂ ಈ ದಿಬ್ಬವನ್ನು ಕೈಯಿಂದ ಅಗೆಯಬಾರದು. ಡಿವೈಸ್ ಮ್ಯಾನೇಜರಿನಲ್ಲಿ ಅನ್‌ಇನ್‌ಸ್ಟಾಲ್ ಮಾಡುವಾಗ ಡ್ರೈವರನ್ನೂ ತೆಗೆದುಹಾಕು ಎಂಬ ಚೌಕಕ್ಕೆ ಗುರುತು ಹಾಕುವುದು ಒಂದು ದಾರಿ, ಕಮಾಂಡ್ ಪ್ರಾಂಪ್ಟಿನ ಪಿಎನ್‌ಪಿಯುಟಿಲ್ ಇನ್ನೊಂದು, ಡಿಡಿಯು ಮೂರನೆಯದು.

ಈಗ ಅರಾಜಕವಾದ. ಹಳೆಯ ಡ್ರೈವರು ಹೋದ ಕ್ಷಣ ಸಿಂಹಾಸನ ತೆರವಾಗುತ್ತದೆ. ಆಗ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂಬ ರಾಜಪ್ರತಿನಿಧಿ ಆಡಳಿತ ನಡೆಸುತ್ತಾನೆ. ಸಜ್ಜನ, ಆದರೆ ಅಲ್ಪಶಕ್ತ. ಐಕಾನುಗಳು ದಪ್ಪಗಾಗಿ, ಚಿತ್ರ ಜಗ್ಗಿದಂತೆ ಕಾಣುತ್ತದೆ. ಇದು ಮರಣವಲ್ಲ, ಸೂತಕ. ನಿಜವಾದ ಗಂಡಾಂತರ ಬೇರೆ: ತೆರವಾದ ಸಿಂಹಾಸನದ ವಾಸನೆ ಹಿಡಿದ ವಿಂಡೋಸ್ ಅಪ್‌ಡೇಟ್, ಯಾರನ್ನೂ ಕೇಳದೆ ತನಗೆ ತೋಚಿದ ಡ್ರೈವರೊಂದನ್ನು ತಂದು ಪಟ್ಟಾಭಿಷೇಕಕ್ಕೆ ತೊಡಗುತ್ತದೆ. ಅದೇ ಹೊತ್ತಿಗೆ ಯಜಮಾನನೂ ತನ್ನ ಸೆಟಪ್ ಓಡಿಸಿದರೆ ಒಂದು ಕಿರೀಟಕ್ಕೆ ಎರಡು ತಲೆ. 2023ರಲ್ಲಿ ಎಎಂಡಿಯ ಅಡ್ರಿನಾಲಿನ್ ಡ್ರೈವರನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಹಾಕುವಾಗ ಹಿನ್ನೆಲೆಯಲ್ಲಿ ವಿಂಡೋಸ್ ಅಪ್‌ಡೇಟೂ ನಡೆದು, ಕೆಲವರ ವಿಂಡೋಸೇ ಬೂಟ್ ಆಗದಂತಾದ ಪ್ರಕರಣಗಳು ಸುದ್ದಿಯಾದವು. ಇದರಿಂದ ನಿಷ್ಪನ್ನವಾಗುವ ಸೂತ್ರ:

ಇಳಿಸದೆ ಅಳಿಸಬಾರದು, ಅಳಿಸುವಾಗ ನೆಟ್ಟಿರಬಾರದು.

ವೃತ್ತಿ: ಹೊಸ ಡ್ರೈವರಿನ ಪೂರ್ಣ ಸೆಟಪ್ ಫೈಲನ್ನು, ಅದು ಅರ್ಧ ಜಿಬಿ ಮೀರಿದ್ದರೂ, ಮೊದಲೇ ಇಳಿಸಿ ಇಟ್ಟುಕೊಳ್ಳತಕ್ಕದ್ದು. ಅದೂ ಕಂಪನಿಯ ಸ್ವಂತ ತಾಣದಿಂದ; ಗೂಗಲ್ ಮಾಡಿದಾಗ ಮೊದಲು ಕುಣಿಯುವ 'ಡ್ರೈವರ್ ಅಪ್‌ಡೇಟರ್'ಗಳಿಂದಲ್ಲ. ಹೊಸತೆಲ್ಲ ತನ್ನ ಕಾರ್ಡಿಗೆ ಸಲ್ಲುತ್ತದೆಯೇ ಎಂದೂ ನೋಡಿಕೊಳ್ಳಬೇಕು: ಎನ್‌ವಿಡಿಯಾದ ಜಿಟಿಎಕ್ಸ್ 1060 ಮುಂತಾದ ಪ್ಯಾಸ್ಕಲ್ ಪೀಳಿಗೆಗೆ 580ರ ಡ್ರೈವರ್ ಶ್ರೇಣಿಯೇ ಕೊನೆಯದು. ಆಮೇಲೆ ಲ್ಯಾನ್ ತಂತಿ ಕೀಳುವುದು, ವೈಫೈ ಆರಿಸುವುದು.

ಪೂರ್ವಾಂಗ ಇನ್ನೂ ಇದೆ. ರಿಸ್ಟೋರ್ ಪಾಯಿಂಟ್ ಒಂದನ್ನು ಸ್ಥಾಪಿಸಬೇಕು. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಇರುವ ಯಂತ್ರ, ಉಚ್ಚಾಟನ ನಡೆಯಬೇಕಾದ ಸೇಫ್ ಮೋಡಿಗೆ ಹೋಗುವ ದಾರಿಯಲ್ಲಿ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದನ್ನು ಜೋಪಾನವಾಗಿರಲೆಂದು ಅದೇ ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿ ಬರೆದಿಟ್ಟವರು ತಿಜೋರಿಯ ಬೀಗದ ಕೈಯನ್ನು ತಿಜೋರಿಯೊಳಗಿಟ್ಟು ಬಾಗಿಲು ಹಾಕಿದ ಸಾಹುಕಾರನಂತೆ. ಕಾಗದದಲ್ಲೋ ಫೋನಿನಲ್ಲೋ ಇರಲಿ. ಸೇಫ್ ಮೋಡಿನಲ್ಲಿ ಕೆಲವು ಸಲ ಪಿನ್ ನಡೆಯುವುದಿಲ್ಲ. ಪೂರ್ಣ ಪಾಸ್‌ವರ್ಡ್ ಜ್ಞಾಪಕವಿರಬೇಕು. ಮುಹೂರ್ತದ ವಿಚಾರದಲ್ಲಿ ರಾಹುಕಾಲ ಅಡ್ಡಿಯಿಲ್ಲ, ಕರೆಂಟು ಹೋಗುವ ವೇಳೆ ಮಾತ್ರ ಸರ್ವಥಾ ವರ್ಜ್ಯ. ಯುಪಿಎಸ್ ಇದ್ದವರು ಪುಣ್ಯವಂತರು.

ಸೇಫ್ ಮೋಡಿಗೆ ಎರಡು ದಾರಿ. ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಆರಿಸಿ, ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂಬ ಪ್ರಾಕಾರಗಳನ್ನು ದಾಟಿ, ಮತ್ತೊಮ್ಮೆ ರೀಸ್ಟಾರ್ಟ್ ಆದಾಗ 4 ಒತ್ತುವುದು ರಾಜಮಾರ್ಗ. ಎಂಎಸ್‌ಕಾನ್‌ಫಿಗ್‌ನಲ್ಲಿ 'ಸೇಫ್ ಬೂಟ್' ಗುರುತು ಹಾಕುವುದು ಒಳದಾರಿ. ಆದರೆ ಗುರುತು ತೆಗೆಯುವವರೆಗೆ ಯಂತ್ರ ಪ್ರತಿ ಸಲವೂ ಸೇಫ್ ಮೋಡಿನಲ್ಲೇ ಹುಟ್ಟಿ ಬರುತ್ತದೆ. ಈ ಹಂತದಲ್ಲಿ ಗೃಹದೊಳಗೆ ನಡೆಯುವ ಸಂವಾದವೂ ವಿಧಿಯ ಅಂಗವೇ ಆದ್ದರಿಂದ ದಾಖಲಿಸಲಾಗಿದೆ:

"ಏನೋ ಇದು, ಅಕ್ಷರ ಎಲ್ಲ ಇಷ್ಟ್ ದಪ್ಪ ಆಗಿದೆ? ಹಾಳ್ ಮಾಡಿದ್ಯಾ?"

"ಇಲ್ಲಮ್ಮಾ, ಸೇಫ್ ಮೋಡು."

"ಸೇಫಾಗಿದ್ರೆ ಹಿಂಗ್ಯಾಕೋ ಕಾಣತ್ತೆ?"

ಈ ಪ್ರಶ್ನೆಗೆ ಭಾಷ್ಯಕಾರರು ಮೌನವಾಗಿದ್ದಾರೆ.

ಪ್ರಧಾನ ಕರ್ಮ ಮಾತ್ರ ಚಿಕ್ಕದು. ಡಿಡಿಯು ತೆರೆದು, ಜಿಪಿಯು ಎಂದು ಆರಿಸಿ, ಕಂಪನಿಯ ಹೆಸರು ಸರಿಯಾಗಿದೆಯೇ ನೋಡಿಕೊಂಡು, ಅದೇ ಕಾರ್ಡು ಮುಂದುವರಿಯುವುದಾದರೆ 'ಕ್ಲೀನ್ ಅಂಡ್ ರೀಸ್ಟಾರ್ಟ್'. ಕಾರ್ಡೇ ಬದಲಾಗುವುದಾದರೆ, ಉದಾಹರಣೆಗೆ ಜಿಟಿಎಕ್ಸ್ 1060 ಇಳಿದು ರೇಡಿಯಾನ್ ಆರ್‌ಎಕ್ಸ್ 6600 ಏರುವುದಾದರೆ, 'ಕ್ಲೀನ್ ಅಂಡ್ ಶಟ್‌ಡೌನ್'. ಯಂತ್ರ ಪೂರ್ತಿ ಆರಿದ ಮೇಲೆ ಗೋಡೆಯ ಪ್ಲಗ್ ಕಿತ್ತು ಕಾರ್ಡು ಬದಲಿಸುವುದು.

ಸ್ಥಾಪನೆ ನಡೆಯಬೇಕಾದ್ದು ಮಾಮೂಲಿ ವಿಂಡೋಸಿನಲ್ಲಿ. ಸೇಫ್ ಮೋಡಿನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸೇವೆ ಸಹಜವಾಗಿ ಎದ್ದಿರುವುದಿಲ್ಲ. ಮಲಗಿದ ಪುರೋಹಿತನ ಮುಂದೆ ಹೋಮ ಮಾಡಿ ಫಲವಿಲ್ಲ. ಸೆಟಪ್ ಓಡುವಾಗ ಪರದೆ ಕಪ್ಪಾಗಿ ಬೆಳಗುವುದುಂಟು. ಆಗ ಗಾಬರಿಗೆ ಪವರ್ ಬಟನ್ ಒತ್ತುವುದು ಮಹಾಪಾತಕಗಳಲ್ಲಿ ಸೇರಿದೆ. ಮುಗಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ ನೆಟ್ ಜೋಡಿಸಬೇಕು. ವಿಂಡೋಸ್ ಅಪ್‌ಡೇಟ್ ಡ್ರೈವರ್ ತರದಂತೆ ಡಿಡಿಯು ಮೂಲಕ ದಿಗ್ಬಂಧನ ಹಾಕಿದ್ದರೆ ಅದನ್ನು ಬಿಚ್ಚಬೇಕು. ಮರೆತರೆ ಮುಂದಿನ ತಿಂಗಳು ಹೊಸ ಪ್ರಿಂಟರ್ ತಂದಾಗ ಅದೇಕೆ ಮೂಕವಾಗಿ ಕೂತಿದೆಯೆಂದು ಯಾರಿಗೂ ತಿಳಿಯುವುದಿಲ್ಲ.

ಒಂದು ಎಚ್ಚರಿಕೆ. ಹೊಸ ಡ್ರೈವರ್ ಬಂದ ಮೊದಲ ದಿನ ಆಟಗಳು ತಡವರಿಸುತ್ತವೆ. ಹಳೆಯ ಶೇಡರ್ ಸಂಗ್ರಹ ಹೋಗಿರುವುದರಿಂದ ಅದನ್ನು ಮತ್ತೆ ಕಟ್ಟಿಕೊಳ್ಳುವ ಸದ್ದುಗದ್ದಲವದು, ಆಡುತ್ತಾ ಹೋದಂತೆ ಇಳಿಯುತ್ತದೆ. ಉಚ್ಚಾಟನವಾದಿಗಳು ಇದನ್ನೇ ದುಶ್ಶಕುನವೆಂದು ಬಗೆದು ಮರಳಿ ಡಿಡಿಯು ಹಿಡಿಯುತ್ತಾರೆ, ಮರಳಿ ಸಂಗ್ರಹ ಅಳಿಯುತ್ತದೆ, ಮರಳಿ ಆಟ ತಡವರಿಸುತ್ತದೆ. ಕೆಲವರು ಇದರಿಂದ ಇನ್ನೂ ಹೊರಬಂದಿಲ್ಲ.

ಲ್ಯಾಪ್‌ಟಾಪಿನ ಪ್ರಶ್ನೆ ದ್ವೈತದ್ದು. ಅನೇಕ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರಿನೊಳಗೇ ಒಂದು ಗ್ರಾಫಿಕ್ಸ್, ಹೊರಗೆ ಪ್ರತ್ಯೇಕ ಇನ್ನೊಂದು. ಪರದೆಗೆ ಚಿತ್ರ ಒಪ್ಪಿಸುವುದು ಬಹಳ ಕಡೆ ಒಳಗಿನದೇ. ಎರಡಕ್ಕೂ ಬೇರೆ ಬೇರೆ ಡ್ರೈವರು. ಯಾವುದನ್ನು ಕಿತ್ತರೆ ಯಾವುದು ಮುನಿಯುತ್ತದೆಂಬ ಚರ್ಚೆಗೆ ಇನ್ನೊಂದು ಸಂಪುಟವೇ ಬೇಕು. ಸದ್ಯಕ್ಕೆ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಾಣದಲ್ಲಿ ಆ ಮಾದರಿಗೆಂದೇ ಕೊಟ್ಟ ಡ್ರೈವರುಗಳೆರಡನ್ನೂ ಮೊದಲು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ, ಚಾರ್ಜರ್ ಚುಚ್ಚಿ, ಒಂದು ಸಲಕ್ಕೆ ಒಂದನ್ನೇ ಮುಟ್ಟಿ.