ಬೋಗನ್‌ವಿಲ್ಲಾ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳತಕ್ಕದ್ದು. ವಿಷಯ, ಬೋಗನ್‌ವಿಲ್ಲಾ, ಜನರ ಬಾಯಲ್ಲಿ ಕಾಗದದ ಹೂ. ಪ್ರಯೋಜನ, ಇಲ್ಲ. ಮುಡಿಯಲು ಬಾರದು, ಮೂಸಿದರೆ ವಾಸನೆಯಿಲ್ಲ, ದೇವರ ತಲೆಗಂತೂ ಏರದು. ಸಂಬಂಧ, ಪಕ್ಕದ ಮನೆಯವರೊಡನೆ ಕೆಡುವಂಥದ್ದು. ಇನ್ನು ಅಧಿಕಾರಿ, ಅಂದರೆ ಇದನ್ನು ಬೆಳೆಸಲು ಅರ್ಹನಾದವನು, ಹುಟ್ಟು ಸೋಮಾರಿಯಾಗಿರಬೇಕು.

ಪ್ರಯೋಜನವಿಲ್ಲದಿರುವುದೇ ಪರಮಪ್ರಯೋಜನವೆಂಬುದಕ್ಕೆ ಬೆಂಗಳೂರಿನ ಬಡಾವಣೆಗಳೇ ಪ್ರಮಾಣ. ಬೆಳಗಿನ ಐದೂವರೆಗೆ ಮಂಕಿ ಕ್ಯಾಪ್ ಧರಿಸಿ, ಕೈಯಲ್ಲೊಂದು ಪ್ಲಾಸ್ಟಿಕ್ ಕವರು ಹಿಡಿದು ವಾಕಿಂಗ್ ಹೊರಡುವ ಭಕ್ತವರ್ಗವು ಪರರ ಕಾಂಪೌಂಡಿನ ದಾಸವಾಳ, ಕಣಗಿಲೆ, ನಂದಿಬಟ್ಟಲುಗಳನ್ನು ತನ್ನ ಮನೆದೇವರಿಗೆ ಅರ್ಪಿಸುತ್ತದೆ. ಪುಣ್ಯ ಕಿತ್ತವರಿಗೋ ನೆಟ್ಟವರಿಗೋ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಈ ವರ್ಗ ಬೋಗನ್‌ವಿಲ್ಲಾದ ಮುಂದೆ ಕ್ಷಣಕಾಲ ನಿಂತು, ಮುಳ್ಳು ನೋಡಿ, ಮುಂದಿನ ಮನೆಗೆ ನಡೆಯುತ್ತದೆ. ಸಂಜೆ ಆಫೀಸಿನಿಂದ ಬಂದವನಿಗೂ ಗಿಡದಲ್ಲೇ ಕಾಣಸಿಗುವ ಹೂವೆಂದರೆ ಇದೊಂದೇ.

ಹೂವೆಂಬುದೂ ಲೋಕರೂಢಿ ಮಾತ್ರ. ಕೆಂಪು, ನೇರಳೆ, ಕಿತ್ತಳೆಯಾಗಿ ಕಣ್ಣಿಗೆ ಹೊಡೆಯುವುದು ಬಣ್ಣ ಬಳಿದುಕೊಂಡ ಮೂರು ಎಲೆಗಳು. ಅವುಗಳ ಒಳಗೆ, ಎಲೆಗೊಂದರಂತೆ ಅಂಟಿಕೊಂಡ ಸಣ್ಣ ಬೆಳ್ಳನೆಯ ಕೊಳವೆಗಳೇ ನಿಜವಾದ ಹೂ. ಮದುಮಗನಿಗಿಂತ ಬೀಗರ ಪೇಟವೇ ದೊಡ್ಡದಾದ ಮದುವೆಮನೆಯ ಹಾಗೆ, ಅವನ್ನು ಕೇಳುವವರಿಲ್ಲ.

ಈ ವೇಷಗಾರಿಕೆಗೆ ಚಾರಿತ್ರಿಕ ಕಾರಣವುಂಟೆಂದು ಪ್ರಬಂಧಕಾರನ ಮತ. 1766ರಲ್ಲಿ ಭೂಪ್ರದಕ್ಷಿಣೆಗೆ ಹೊರಟ ಫ್ರೆಂಚ್ ನಾವಿಕ ಬೂಗನ್‌ವಿಲ್‌ನ ತಂಡದಲ್ಲಿ ಫಿಲಿಬೆರ್ ಕೊಮರ್ಸನ್ ಎಂಬ ಸಸ್ಯಶಾಸ್ತ್ರಜ್ಞನಿದ್ದ. ಅವನ ಸಹಾಯಕ ‘ಹುಡುಗ’ ವಾಸ್ತವವಾಗಿ ಝಾನ್ ಬಾರೆ ಎಂಬ ಹೆಂಗಸು. ಫ್ರೆಂಚ್ ನೌಕಾಪಡೆಯ ಹಡಗಿನಲ್ಲಿ ಹೆಂಗಸರಿಗೆ ಜಾಗವಿರಲಿಲ್ಲವಾಗಿ ಆಕೆ ಗಂಡುಡುಗೆ ತೊಟ್ಟಿದ್ದಳು. 1767ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಈ ಬಳ್ಳಿ ಅವರ ಕಣ್ಣಿಗೆ ಬಿತ್ತು. ಕೊಮರ್ಸನ್‌ನಿಗೆ ಕಾಲುಹುಣ್ಣು, ಆದ್ದರಿಂದ ಕಾಡುಮೇಡು ಅಲೆದು ತಂದವಳು ಆಕೆಯೇ ಇರಬೇಕೆಂದು ಊಹಿಸುವವರಿದ್ದಾರೆ. ಹೂವಿನ ವೇಷದ ಎಲೆ ಗಂಡಿನ ವೇಷದ ಹೆಣ್ಣಿಗೆ ಸಿಕ್ಕಿದ್ದರೆ ಅಚ್ಚರಿಯಿಲ್ಲ. ಹೆಸರು ಮಾತ್ರ ಇಬ್ಬರದೂ ಅಲ್ಲ, ಕ್ಯಾಪ್ಟನ್‌ನದು. ಆಫೀಸುಗಳಲ್ಲಿ ಇಂದಿಗೂ ಹಾಗೇ ತಾನೆ?

ಈಗ ಪೂರ್ವಪಕ್ಷ. ಜಲವಾದಿಗಳು ಹೇಳುವುದೇನೆಂದರೆ, ದಿನಾ ನೀರುಣಿಸಿ, ಅಕ್ಕಿ ತೊಳೆದ ನೀರೂ ಸುರಿದು, ಮೇಲೊಂದು ಹಿಡಿ ಯೂರಿಯಾ ಹಾಕಿದರೆ ಹೂ ಬಾರದೇನು? ಬಾರದು. ಸಾರಜನಕ ಹೆಚ್ಚಿದಷ್ಟೂ ಬಳ್ಳಿ ಎಲೆಯಲ್ಲೇ ಕೊಬ್ಬುತ್ತದೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಶುಷ್ಕವಾದಿಗಳ ಸಿದ್ಧಾಂತ ಬೇರೆ: ದಿನಕ್ಕೆ ಆರು ಗಂಟೆಗೆ ಕಮ್ಮಿಯಿಲ್ಲದ ಬಿಸಿಲು, ಇಕ್ಕಟ್ಟಾದ ಕುಂಡ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ದೃಷ್ಟಾಂತಕ್ಕೆ ಹೆದ್ದಾರಿಯ ಡಿವೈಡರು ನೋಡಬಹುದು. ಲಾರಿಯ ಹೊಗೆ ಕುಡಿದು, ಟಾರಿನ ಕಾವಿನಲ್ಲಿ ಬೆಂದು, ಮಾರ್ಚಿಯ ಬಿಸಿಲಲ್ಲಿ ಅಲ್ಲಿ ಬಿಡುವಷ್ಟು ಹೂವನ್ನು ಯಾರ ವರಾಂಡವೂ ಕಂಡಿಲ್ಲ. ಶುಷ್ಕವಾದದ ಪ್ರವರ್ತಕರೆಲ್ಲ ಭಾನುವಾರ ಮಧ್ಯಾಹ್ನ ಮಲಗುವ ಗಂಡಸರೇ ಆಗಿರುವುದು ಕಾಕತಾಳೀಯ.

ಹೊಸದಾಗಿ ನೆಟ್ಟ ಸಸಿಗೆ ಬೇರೂರುವ ತನಕ ಈ ಸಿದ್ಧಾಂತ ಅನ್ವಯಿಸದು; ಅದಕ್ಕೆ ನೀರು ಬೇಕೇ ಬೇಕು. ಅದಕ್ಕಿಂತ ಸೂಕ್ಷ್ಮವಾದ ಆಕ್ಷೇಪವೊಂದಿದೆ. ಬೇಕೆಂದೇ ನೀರು ನಿಲ್ಲಿಸಿ, ಮೊಗ್ಗು ಬಂತೇ ಎಂದು ಗಳಿಗೆಗೊಮ್ಮೆ ಇಣುಕುವುದು ಉಪೇಕ್ಷೆಯೋ, ಮಾರುವೇಷದ ಆರೈಕೆಯೋ? ಗಿಡಕ್ಕೆ ಇದು ತಿಳಿಯುವುದಿಲ್ಲವೆಂದು ಒಂದು ಪಕ್ಷ. ತಿಳಿಯುತ್ತದೆಂದು ಹೆಂಡತಿಯರ ಪಕ್ಷ.

ಉಳಿದದ್ದು ಸಂಬಂಧವಿಚಾರ. ಸುತ್ತಿಕೊಳ್ಳುವ ಕುಡಿಯಿಲ್ಲದ ಈ ಬಳ್ಳಿ ಮುಳ್ಳೂರಿ ಸಿಕ್ಕಿದ್ದರ ಮೇಲೆ ಒರಗುತ್ತದೆ. ಬಿಸಿಲು ಆಚೆ ಬದಿಗಿದ್ದರೆ ಬುಡ ನಮ್ಮದು, ಹೂ ಅವರದು, ಕಸವೂ ಅವರದೇ. “ರೀ, ನಿಮ್ಮ ಕಾಗದವೆಲ್ಲ ನಮ್ಮ ಅಂಗಳದಲ್ಲೇ ಬಿದ್ದಿರುತ್ತಲ್ರೀ!” ಎಂಬ ದಾವೆ ಖಂಡಿತ ಬರುತ್ತದೆ. ವಾದಿಸಬಾರದು. ಹೂವಿನ ಸುಗ್ಗಿ ಮುಗಿದೊಡನೆ ಕೈಗವಸು ತೊಟ್ಟು ಬಳ್ಳಿಯನ್ನು ಸವರಬೇಕು. ಹೊಸ ಚಿಗುರಿನಲ್ಲೇ ಹೂ ಬರುವುದರಿಂದ ನಷ್ಟವಿಲ್ಲ. ಕತ್ತರಿಸಿದ್ದರಲ್ಲಿ ಪೆನ್ಸಿಲ್ ದಪ್ಪದ, ಗೇಣುದ್ದದ ನಾಲ್ಕು ಕಡ್ಡಿ ಆರಿಸಿ, ಮಳೆ ಹಿಡಿಯುವ ಹೊತ್ತಿಗೆ ಅವರ ಕೈಗೇ ಕೊಟ್ಟು, “ಬೇರೆ ಕಲರ್ರು, ನಿಮಗೇ ಅಂತ ಇಟ್ಟಿದ್ದೆ” ಎನ್ನಬೇಕು. ಕಡ್ಡಿ ಚಿಗುರಿ ಗೋಡೆ ಹತ್ತಿ ಈಚೆ ಬಗ್ಗುವಷ್ಟರಲ್ಲಿ ಎರಡೂ ಅಂಗಳದ ಕಸ ಸಮವಾಗಿ, ದಾವೆ ತಾನಾಗಿ ವಜಾ ಆಗುತ್ತದೆ.