ಎಂಜಿಬಿ ಗೃಹಾನಯನ ಮೀಮಾಂಸೆ

ಅಡುಗೆಗೆ ಮಂಗರಸನ ‘ಸೂಪಶಾಸ್ತ್ರ’ ಇದೆ. ವಿಷವೈದ್ಯಕ್ಕೆ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇದೆ. ಕುದುರೆಯ ಕಾಯಿಲೆ ಕಸಾಲೆಗಳಿಗೂ ನಮ್ಮ ಹಿರಿಯರು ಗ್ರಂಥ ಬರೆದಿಟ್ಟಿದ್ದಾರೆ. ಒಂದು ಕುದುರೆಗೆ ಇಷ್ಟು ತಲೆಕೆಡಿಸಿಕೊಂಡ ಭಾಷೆಯಲ್ಲಿ, 95 ಅಶ್ವಶಕ್ತಿಯ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ಮನೆಗೆ ಓಡಿಸಿಕೊಂಡು ಬರುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆಯ ಬಗ್ಗೆ ಒಂದು ಸೂತ್ರವೂ ಇಲ್ಲವೆಂದರೆ ವಿದ್ವಲ್ಲೋಕಕ್ಕೆ ಶೋಭೆಯಲ್ಲ. ಆ ಕೊರತೆಯನ್ನು ತುಂಬಲು ಈ ಪ್ರಬಂಧ ಹೊರಟಿದೆ. ಸೂತ್ರವೂ ಭಾಷ್ಯವೂ ಪ್ರಬಂಧಕಾರನವೇ. ಬೇರೆಯವರು ಭಾಷ್ಯ ಬರೆಯಲಿ ಎಂದು ಕಾದು ಕೂತರೆ ಅಷ್ಟರಲ್ಲಿ ಕಾರಿಗೆ ತುಕ್ಕು ಹಿಡಿದಿರುತ್ತದೆ.

ಸೂತ್ರ: ಕಾರು ಅಲ್ಲಿ, ಮನೆ ಇಲ್ಲಿ.

ಭಾಷ್ಯ: ‘ಕಾರು’ ಎಂದರೆ ಇಲ್ಲಿ 1972ರ ಎಂಜಿಬಿ ರೋಡ್‌ಸ್ಟರ್, ಕ್ರೋಮ್ ಬಂಪರಿನದು. ಅಮೆರಿಕದ ಸುರಕ್ಷತಾ ನಿಯಮಗಳಿಗೆ ತಲೆಬಾಗಿ 1974ರಲ್ಲಿ ಇದಕ್ಕೆ ಕಪ್ಪು ರಬ್ಬರಿನ ಬಂಪರ್ ತೊಡಿಸಿದರು. ಕ್ರೋಮ್ ಪಂಥದವರು ಆ ಮೇಲಿನವನ್ನು ಇಂದಿಗೂ ತಮ್ಮ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ‘ಅಲ್ಲಿ’ ಎಂದರೆ ಇಂಗ್ಲೆಂಡಿನ ಲಿಂಕನ್, ಮಾರಿದ ಹಿರಿಯರ ಗ್ಯಾರೇಜು. ‘ಇಲ್ಲಿ’ ಎಂದರೆ ರೆಡಿಂಗ್, ಪ್ರಬಂಧಕಾರನ ಬಾಡಿಗೆ ಮನೆ. ನಡುವೆ ಸುಮಾರು 150 ಮೈಲಿ. ಲಿಂಕನ್ನಿನಿಂದ ಲೆಸ್ಟರಿನ ಕಡೆಗೆ ರೋಮನ್ನರು ಹಾಕಿದ ಫಾಸ್ ವೇ ರಸ್ತೆಯ ಜಾಡಿನಲ್ಲೇ ಎ46 ಬರುತ್ತದೆ. ಆಮೇಲೆ ಆಕ್ಸ್‌ಫರ್ಡ್, ಅದರಾಚೆ ಆಬಿಂಗ್ಡನ್. ಈ ಆಬಿಂಗ್ಡನ್ನಿನಲ್ಲೇ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹುಟ್ಟಿದ್ದು. ಗಂಡನ ಮನೆಗೆ ಹೋಗುವ ದಾರಿಯಲ್ಲಿ ತವರೂರು ಸಿಕ್ಕರೆ ಶುಭವೋ ಅಶುಭವೋ ಎಂಬ ಚರ್ಚೆಗೆ ಇಲ್ಲಿ ಎಡೆಯಿಲ್ಲ. ಕಾರ್ಖಾನೆ 1980ರಲ್ಲೇ ಮುಚ್ಚಿತು. ಮುನಿಸಿಕೊಂಡರೂ ಕಾರಿಗೆ ಹೋಗಲು ತವರಿಲ್ಲ.

ಸೂತ್ರ: ಲಾರಿಯಲ್ಲಿ ತರಬಹುದೆಂಬರು ಕೆಲವರು, ಅದು ಸಲ್ಲದು.

ಭಾಷ್ಯ: ‘ಕೆಲವರು’ ಎಂದರೆ ಪ್ರಬಂಧಕಾರನ ಹೆಂಡತಿ. ಪೂರ್ವಪಕ್ಷವನ್ನು ಅವಳು ಹೀಗೆ ಮಂಡಿಸಿದಳು: “ಅಲ್ಲಾ ರೀ, ಲಾರಿ ಮೇಲೆ ಹಾಕಿಸ್ಕೊಂಡು ಬರೋಕೆ ಏನು ಧಾಡಿ ನಿಮಗೆ?” ಖರ್ಚು ಎಂದು ಸಮಾಧಾನ ಹೇಳಲಾಯಿತು. ದಾರಿಗಿರಲಿ ಎಂದು ತರಿಸಿಟ್ಟ ಬಿಡಿಭಾಗಗಳ ಬಿಲ್ಲನ್ನು ಪೂರ್ವಪಕ್ಷಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಓಡುವುದು ಕಾರಿನ ಸ್ವಧರ್ಮ, ಹೊತ್ತುಕೊಂಡು ಬಂದರೆ ಧರ್ಮಲೋಪ ಎಂದು ಎರಡನೆಯ ವಾದ ಹೂಡಲಾಯಿತು. “ಓಡೋದು ಸರಿ, ನಿಲ್ಲೋದು ಎಲ್ಲಿ ಅಂತ ಹೇಳಿ” ಎಂದಳು. ಹೀಗೆ ಪೂರ್ವಪಕ್ಷವು ಸಂಪೂರ್ಣವಾಗಿ ಖಂಡಿತವಾದುದರಿಂದ ಮುಂದಿನ ಸೂತ್ರಕ್ಕೆ ಹೋಗೋಣ.

ಸೂತ್ರ: ಮಾರಿದವರ ಮಾತು ಪ್ರಮಾಣ, ಅವರು ಹೋದಷ್ಟು ದೂರಕ್ಕೆ.

ಭಾಷ್ಯ: ತಾರ್ಕಿಕರು ಆಪ್ತವಾಕ್ಯವನ್ನು ಪ್ರಮಾಣವೆಂದು ಒಪ್ಪುತ್ತಾರೆ. ಮಾರಿದ ಹಿರಿಯರು ಸುಳ್ಳಾಡುವವರಲ್ಲ. “ಆರಾಮಾಗಿ ಓಡಿಸಿಕೊಂಡು ಹೋಗಬಹುದು” ಎಂದರು. ಆದರೆ ಈ ವಾಕ್ಯದಲ್ಲಿ ‘ಎಲ್ಲಿಗೆ’ ಎಂಬುದು ಅಧ್ಯಾಹಾರ. ವಿಚಾರಿಸಿದಾಗ ಅವರು ಈಚಿನ ವರ್ಷಗಳಲ್ಲಿ ಹೋಗಿದ್ದು ಮಗ್ಗುಲ ಊರಿನ ಪಬ್ಬಿಗೆ, ಅದೂ ಬಿಸಿಲಿದ್ದ ಭಾನುವಾರಗಳಲ್ಲಿ. ಪಬ್ಬಿನ ತನಕ ಅದು ನಿರ್ದುಷ್ಟವಾದ ಆಪ್ತವಾಕ್ಯ. ಅಲ್ಲಿಂದಾಚೆಯ 148 ಮೈಲಿಗೆ ಪ್ರತ್ಯಕ್ಷ, ಅನುಮಾನಗಳ ಮೊರೆಹೋಗಬೇಕು.

ಪ್ರತ್ಯಕ್ಷವೆಂದರೆ ತಪಾಸಣೆ. ಮನುಷ್ಯರಿಗೆ ನಲವತ್ತಾಯಿತೋ, ವರ್ಷಕ್ಕೊಮ್ಮೆ ರಕ್ತ, ಸಕ್ಕರೆ ಎಲ್ಲ ತೋರಿಸಿಕೊಳ್ಳಿ ಎನ್ನುತ್ತಾರೆ ಡಾಕ್ಟರು. ಬ್ರಿಟನ್ನಿನ ಸರ್ಕಾರ ಇದಕ್ಕೆ ಉಲ್ಟಾ: 2018ರ ಮೇ ತಿಂಗಳಿಂದ, ನಲವತ್ತು ದಾಟಿದ, ಹೆಚ್ಚು ಮಾರ್ಪಾಡಾಗದ ಕಾರಿಗೆ ವರ್ಷದ ಎಂಒಟಿ ಪರೀಕ್ಷೆಯೇ ಬೇಡ. ವಯಸ್ಸಾದವರನ್ನು ಅವರ ಪಾಡಿಗೆ ಬಿಡಿ ಎಂಬ ಔದಾರ್ಯ ಇದು. ಕಾನೂನು ಬೇಡವೆಂದರೂ ದುಡ್ಡು ಕೊಟ್ಟು ಆ ಪರೀಕ್ಷೆ ಮಾಡಿಸುವುದೇ ಈ ಶಾಸ್ತ್ರದ ಮೊದಲನೆಯ ಅಂಗ. ಬ್ರೇಕ್ ಆಯಿಲ್ಲನ್ನು ಪೂರ್ತಿ ಬದಲಿಸುವುದು ಎರಡನೆಯದು. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತಾ ಕೂತಿರುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾದಾಗ ಆ ನೀರು ಆವಿಯಾಗಿ ಪೆಡಲು ಸೀದಾ ನೆಲಕ್ಕಿಳಿಯುತ್ತದೆ. ಇಲ್ಲಿ ಹಾಸ್ಯಕ್ಕೆ ಜಾಗವಿಲ್ಲ.

ಅನುಮಾನಕ್ಕೆ ಬರೋಣ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆಯೆಂದು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಐವತ್ತು ವರ್ಷದ ವೈರಿಂಗಿನಲ್ಲಿ ಹೊಗೆ ಕಂಡರೆ ಊಹಿಸುತ್ತಾ ನಿಲ್ಲದೆ ಬ್ಯಾಟರಿಯ ಟರ್ಮಿನಲ್ ಬಿಚ್ಚಬೇಕು. ಬಿಚ್ಚಲು ಬ್ಯಾಟರಿ ಎಲ್ಲಿದೆಯೆಂದು ಮೊದಲೇ ಗೊತ್ತಿರಬೇಕು. ಈ ಕಾರಿನಲ್ಲಿ ಅದು ಬಾನೆಟ್ಟಿನ ಕೆಳಗಿಲ್ಲ. ಆರಾರು ವೋಲ್ಟಿನ ಎರಡು ಬ್ಯಾಟರಿಗಳು ಸೀಟಿನ ಹಿಂದೆ, ಕಾರ್ಪೆಟ್ಟಿನಡಿ, ಮುಚ್ಚಳದ ಕೆಳಗೆ ಅಜ್ಞಾತವಾಸದಲ್ಲಿವೆ. ಎಣ್ಣೆಯ ವಿಷಯದಲ್ಲಿ ವ್ಯಾಪ್ತಿ ಬೇರೆ: ಕಾರಿನ ಕೆಳಗಿಟ್ಟ ರಟ್ಟಿನ ಮೇಲೆ ಎಣ್ಣೆ ತೊಟ್ಟಿಕ್ಕಿದ್ದರೆ ಎಂಜಿನ್ನಿನಲ್ಲಿ ಎಣ್ಣೆಯಿದೆ; ತೊಟ್ಟಿಕ್ಕಿರದಿದ್ದರೆ ಎಣ್ಣೆ ಮುಗಿದಿದೆ. ಬ್ರಿಟಿಷ್ ಕಾರುಗಳವರು ಇದನ್ನು ಪರಂಪರೆಯಿಂದ ಒಪ್ಪಿಕೊಂಡು ಬಂದಿದ್ದಾರೆ.

ಸೂತ್ರ: ಕೊಡುವುದೇನಿಲ್ಲದಿದ್ದರೂ ಕೊಡತಕ್ಕದ್ದು.

ಭಾಷ್ಯ: ಇದು ರಸ್ತೆ ತೆರಿಗೆಯ ಮಾತು. ನಲವತ್ತು ದಾಟಿದ ಕಾರಿಗೆ ‘ಐತಿಹಾಸಿಕ’ ಎಂದು ಬರೆಸಿಕೊಂಡರೆ ತೆರಿಗೆ ಸೊನ್ನೆ. ಆದರೆ ಆ ಸೊನ್ನೆಯನ್ನು ಕಟ್ಟಲೇಬೇಕು. ಮಾರಿದವರು ಕಟ್ಟಿದ್ದ ಸೊನ್ನೆ ಮಾರಾಟದೊಂದಿಗೇ ರದ್ದಾಗುತ್ತದೆ. ಕೊಂಡವನು ಹೊಸ ಸೊನ್ನೆ ಕಟ್ಟದೆ ಕಾರನ್ನು ರಸ್ತೆಗಿಳಿಸುವಂತಿಲ್ಲ. ಕಾರಿನ ಆರ್‌ಸಿ, ಅಂದರೆ ಅಲ್ಲಿಯವರ ವಿ5ಸಿ ಪುಸ್ತಕದಿಂದ ಹರಿದುಕೊಟ್ಟ ಹಸಿರು ಚೀಟಿಯಲ್ಲಿರುವ ನಂಬರನ್ನು ಹಾಕಿ, ಫಾರ್ಮು ತುಂಬಿ, ಸೊನ್ನೆ ಪೌಂಡನ್ನು ಸಂದಾಯ ಮಾಡಿ ರಸೀದಿ ಪಡೆಯಬೇಕು. ಇದನ್ನು ಕಂಡು ನಗುವವರು ವೈಶೇಷಿಕ ದರ್ಶನ ಓದದವರು. ಅಭಾವವೂ ಒಂದು ಪದಾರ್ಥವೇ ಎಂದು ಆ ದರ್ಶನದವರು ಸಾರಿದ್ದಾರೆ. ಕಟ್ಟಿದ ಸೊನ್ನೆ ಬೇರೆ, ಕಟ್ಟದ ಸೊನ್ನೆ ಬೇರೆ, ಎರಡನೆಯದಕ್ಕೆ ದಂಡವುಂಟು. ಸ್ವಾನ್ಸಿಯ ವಾಹನ ಕಚೇರಿಯಲ್ಲಿ ಕಣಾದರ ಶಿಷ್ಯರು ಯಾರೋ ಕೂತಿರಬೇಕು.

ಟೈರಿನ ವಿಚಾರದಲ್ಲಿ ಕಣ್ಣನ್ನು ನಂಬಬಾರದು, ಜಾತಕ ನೋಡಬೇಕು. ವರ್ಷಕ್ಕೆ ನೂರು ಮೈಲಿಯೂ ಓಡದ ಕಾರಿನ ಟೈರು ಸವೆದಿರುವುದಿಲ್ಲ, ವಯಸ್ಸಾಗಿ ರಬ್ಬರು ಗಟ್ಟಿಯಾಗಿರುತ್ತದೆ. ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿಯೇ ಜಾತಕ: 2311 ಎಂದಿದ್ದರೆ 2011ರ 23ನೆಯ ವಾರದ ಜನನ. ಮೂರೇ ಅಂಕಿಯಿದ್ದರೆ ಹೋದ ಶತಮಾನದ್ದು, ಕೈಮುಗಿದು ಬದಲಿಸುವುದು. ತಂತಿಚಕ್ರಗಳಿಗೆ ಶ್ರುತಿ ನೋಡಬೇಕು. ಮೃದಂಗದವರು ಕಲ್ಲಿನಿಂದ ತಟ್ಟಿ ತಟ್ಟಿ ಕಿವಿಗೊಡುವ ಹಾಗೆ, ಪಾನಾದಿಂದ ಒಂದೊಂದೇ ಕಡ್ಡಿಯನ್ನು ತಟ್ಟುತ್ತಾ ಚಕ್ರ ತಿರುಗಿಸಿದರೆ ಬಿಗಿಯಾದ್ದು ‘ಟಿಣ್’ ಎನ್ನುತ್ತದೆ, ಸಡಿಲವಾದ್ದು ‘ಡುಬ್’ ಎನ್ನುತ್ತದೆ. ಚಕ್ರದ ನಡುವಿನ ದೊಡ್ಡ ನಟ್ಟನ್ನು ತಾಮ್ರದ ಸುತ್ತಿಗೆಯಿಂದ ಹೊಡೆದು ಬಿಗಿ ಮಾಡುವುದು. ಎಡಗಡೆಯ ಮರೆಯೂ ಬಲಗಡೆಯ ಮರೆಯೂ ಒಂದಕ್ಕೊಂದು ವಿರುದ್ಧ. ಬಿಚ್ಚುವ ದಿಕ್ಕಿಗೆ ಬಾಣ ಕೊರೆದಿರುತ್ತದೆ. ಅದನ್ನು ಓದದೆ ಹೊಡೆಯುವವರಿಗೆಂದೇ ಕೊರೆದದ್ದು.

ಇದೇ ಪ್ರಕರಣದಲ್ಲಿ ನಿಂಬೆಹಣ್ಣಿನ ವಿಚಾರ. ನಾಲ್ಕು ಚಕ್ರದ ಕೆಳಗೂ ಒಂದೊಂದು ಇಡತಕ್ಕದ್ದೆಂಬುದು ಮೈಸೂರಿನಿಂದ ವಿಡಿಯೋ ಕಾಲ್ ಮೂಲಕ ಬಂದ ವಿಧಿ. ಮೇಣ ಹಚ್ಚಿದ ಸ್ಪೇನಿನ ನಿಂಬೆ ಆದೀತೇ? ಆಪದ್ಧರ್ಮವಾಗಿ ಆದೀತು. ಕುಂಕುಮವನ್ನು ಕ್ರೋಮಿಗೆ ಹಚ್ಚಬಹುದೇ? ಹಚ್ಚಿ, ಮಾರಿದವರು ನೋಡುವ ಮುಂಚೆ ಒರೆಸಬಹುದು. ಕಾರು ಸ್ಟಾರ್ಟ್ ಆಗದೆ, ತಳ್ಳಿ ನಿಂಬೆ ಹಾಯಿಸಿದರೆ ಫಲ ಉಂಟೇ ಎಂಬುದು ಕಠಿಣವಾದ ಪ್ರಶ್ನೆ. “ತಳ್ಳಿದ್ರೂ ನಡೆಯುತ್ತೆ ಕಣೋ, ಹಣ್ಣಿಗೇನು ಗೊತ್ತಾಗುತ್ತೆ” ಎಂದು ಅಮ್ಮ ತೀರ್ಪಿತ್ತಿದ್ದಾರೆ. ಮೇಲ್ಮನವಿಗೆ ಅವಕಾಶವಿಲ್ಲ.

ಸೂತ್ರ: ಒಯ್ದದ್ದು ಕೆಡದು, ಕೆಡುವುದನ್ನು ಒಯ್ದಿರದು.

ಭಾಷ್ಯ: ಫ್ಯಾನ್ ಬೆಲ್ಟು ಒಯ್ದವನಿಗೆ ಹೋಸ್ ಪೈಪು ಒಡೆಯುತ್ತದೆ. ಹೋಸ್ ಪೈಪು ಒಯ್ದವನಿಗೆ ಕಂಡೆನ್ಸರು ಕೈಕೊಡುತ್ತದೆ. ಪಾಯಿಂಟು, ಕಂಡೆನ್ಸರು, ರೋಟರು, ಕಾಯಿಲು ಎಲ್ಲ ಒಯ್ದವನು ಪೆಟ್ರೋಲಿಲ್ಲದೆ ನಿಲ್ಲುತ್ತಾನೆ, ಏಕೆಂದರೆ ಮುಳ್ಳು ಅರ್ಧ ಟ್ಯಾಂಕು ತೋರಿಸುತ್ತಿತ್ತು. ಆದ್ದರಿಂದ ಏನೂ ಕೆಡದಿರಬೇಕಾದರೆ ಎಲ್ಲವನ್ನೂ ಒಯ್ಯಬೇಕು. ಅಂದರೆ ಇನ್ನೊಂದು ಎಂಜಿಬಿಯನ್ನೇ ಬಿಚ್ಚಿ ಒಯ್ಯಬೇಕು. ಇದು ಅಸಂಭವವೆಂದು ತಳ್ಳಿಹಾಕಬೇಡಿ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಎಂಜಿಬಿಯ ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಮಾರುತ್ತಿದೆ. ಎಲ್ಲ ಅಂಗವೂ ಬದಲಾದ ಮೇಲೆ ಇದು ಆ ಕಾರೇ ಹೌದೋ ಎಂಬ ಪ್ರಶ್ನೆಗೆ ‘ಅವನೇ ಈ ದೇವದತ್ತ’ ಎಂಬ ವೇದಾಂತಿಗಳ ದೇವದತ್ತನನ್ನೇ ಕರೆಸಬೇಕು. ಸದ್ಯಕ್ಕೆ ಎದುರಿಗಿರುವ ಕಷ್ಟ ಬೇರೆ: ಡಿಕ್ಕಿಯಲ್ಲಿ ಸ್ಟೆಪ್ನಿ ಮಲಗಿದ ಮೇಲೆ ಉಳಿಯುವ ಜಾಗ ಒಂದು ಪುಳಿಯೋಗರೆ ಡಬ್ಬಿಗೆ ಸಾಕು.

ಏನೂ ಒಯ್ಯದವರ ಸಂಪ್ರದಾಯವೂ ಒಂದಿದೆ, ಅದರ ಪ್ರಥಮಾಚಾರ್ಯೆ ಬರ್ತಾ ಬೆಂಜ್. 1888ರ ಆಗಸ್ಟಿನಲ್ಲಿ ಗಂಡ ಕಾರ್ಲ್‌ಗೆ ಹೇಳದೆ ಕೇಳದೆ, ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಮನ್‌ಹೈಮಿನಿಂದ ಫೋರ್ಜ್‌ಹೈಮಿನ ತವರಿಗೆ, ನೂರು ಕಿಲೋಮೀಟರಿಗೂ ಮಿಕ್ಕಿದ ದೂರ, ಮೂರು ಗಾಲಿಯ ಬಂಡಿಯಲ್ಲಿ ಹೊರಟೇಬಿಟ್ಟಳು. ಇಂಧನ ಮುಗಿದಾಗ ವೀಸ್‌ಲಾಖಿನ ಔಷಧಿ ಅಂಗಡಿಯಲ್ಲಿ ಕೊಂಡಳು. ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ಹಾಕಿ ಚುಚ್ಚಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳು. ಸಿದ್ಧತೆಯ ಶಾಸ್ತ್ರಕ್ಕೆ ಇಷ್ಟು ಮಾರಕವಾದ ದೃಷ್ಟಾಂತ ಇನ್ನೊಂದಿಲ್ಲವಾದ್ದರಿಂದ ಇದನ್ನು ಅಪವಾದವೆಂದು ಪರಿಗಣಿಸಿ ಬಿಡಲಾಗಿದೆ.

ಪೆಟ್ರೋಲಿನ ಮಾತು ಎರಡೇ ವಾಕ್ಯ. 2021ರಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೂ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ನಳಿಗೆಗಳನ್ನು ತಿನ್ನುವುದರಿಂದ ಶೇ. 5ರ ದುಬಾರಿ ಸೂಪರ್ ಪೆಟ್ರೋಲನ್ನೇ ಹಾಕಿಸಬೇಕು, ನಳಿಗೆಗಳನ್ನೂ ಬದಲಿಸಬೇಕು.

ಕಾರ್ಬ್ಯುರೇಟರಿಗೆ ಮಾತ್ರ ಪುರಸೊತ್ತು ಬೇಕು. ಎಸ್‌ಯು ಕಂಪನಿಯವು ಎರಡು, ಜೋಡಿಯಾಗಿ ಕೂತಿವೆ. ಪ್ರತಿಯೊಂದರ ನೆತ್ತಿಯ ಮೇಲೂ ಒಂದು ಪುಟ್ಟ ಬಿರಡೆ. ಅದನ್ನು ತಿರುಗಿಸಿ ಎತ್ತಿದರೆ ತೆಳ್ಳನೆಯ ಕಡ್ಡಿಯೊಂದು ಎಣ್ಣೆ ಸುರಿಸುತ್ತಾ ಮೇಲೆ ಬರುತ್ತದೆ. ಎಣ್ಣೆ ಬರದೆ ಒಣಗಿದ್ದರೆ ತೆಳು ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು, ಕಡ್ಡಿಯನ್ನು ಮತ್ತೆ ಇಳಿಸಿ, ಬೆರಳಿಗೆ ಎದುರೊತ್ತು ಸಿಗುವ ತನಕ ನೋಡಬೇಕು. ಆ ಹನಿಗಳಿಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಕಾರು ಮುಂದೆ ಹೋಗುವ ಬದಲು ಕೆಮ್ಮುತ್ತದೆ. ಕೀಲಿ ತಿರುಗಿಸಿದೊಡನೆ ಹಿಂದುಗಡೆಯಿಂದ ಪೆಟ್ರೋಲ್ ಪಂಪು ಟಕಟಕ ಎನ್ನಬೇಕು, ಕಾರ್ಬ್ಯುರೇಟರಿನ ಬಟ್ಟಲು ತುಂಬುತ್ತಿದ್ದಂತೆ ನಿಧಾನಿಸಿ ನಿಲ್ಲಬೇಕು. ನಿಲ್ಲದಿದ್ದರೆ ಒಂದೋ ಪೆಟ್ರೋಲು ಎಲ್ಲೋ ಸೋರುತ್ತಿದೆ, ಇಲ್ಲವೋ ಟ್ಯಾಂಕಿನಲ್ಲೇ ಇಲ್ಲ. ಆಗ ಸಿಗರೇಟು ಹಚ್ಚಿಕೊಂಡು ಯೋಚಿಸಬಾರದು.

ಇಷ್ಟನ್ನು ಬರೆದು ಮುಗಿಸಿ ಓದಿ ಹೇಳಿದಾಗ ಪೂರ್ವಪಕ್ಷಿ ಒಂದು ಮಾತೆತ್ತಿದಳು: “ಇದು ನಮ್ಮಪ್ಪನ ಅಂಬಾಸಡರ್ ಎಂಜಿನ್ನೇ ಅಲ್ವಾ?” ದುರ್ದೈವದಿಂದ ಹೌದು. ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಸಗೋತ್ರದವು. ಎಂಜಿಬಿಯ ಹಿರಿಯಕ್ಕ ಎಂಜಿಎ ಮೊದಲು ಬಂದಾಗ ಅದರಲ್ಲಿದ್ದದ್ದೂ 1489 ಸಿಸಿಯೇ. ದಾವಣಗೆರೆಯಲ್ಲಿ ಚಳಿಗಾಲದ ಬೆಳಿಗ್ಗೆ ಚೋಕು ಎಷ್ಟೆಳೆಯಬೇಕು, ಎಷ್ಟು ಹೊತ್ತಿಗೆ ಒಳಕ್ಕೆ ತಳ್ಳಬೇಕು, ಸೆಲ್ಫ್ ಹೊಡೆಯದಿದ್ದರೆ ಎಲ್ಲಿ ಒಂದೇಟು ಕೊಡಬೇಕು ಎಂದು ಕಲಿತವಳು ಅವಳು. ಆ ವಯಸ್ಸಿನಲ್ಲಿ ಪ್ರಬಂಧಕಾರ ಮೈಸೂರಿನಲ್ಲಿ ಸಿಟಿ ಬಸ್ಸಿನ ಪಾಸು ಇಟ್ಟುಕೊಂಡಿದ್ದ.

ಸೂತ್ರ: ಅಧಿಕಾರಿ ಯಾರೆಂದರೆ, ಕಾಗದದಲ್ಲಿ ಹೆಸರಿರುವವರು.

ಭಾಷ್ಯ: ಶಾಸ್ತ್ರಕ್ಕೆ ವಿಷಯವಿದ್ದರೆ ಸಾಲದು, ಅಧಿಕಾರಿಯೂ ಬೇಕು. ಇನ್ಷೂರೆನ್ಸ್ ಇಲ್ಲದೆ ಆ ದೇಶದಲ್ಲಿ ಗ್ಯಾರೇಜಿನ ಹೊಸ್ತಿಲನ್ನೂ ದಾಟಿಸುವಂತಿಲ್ಲ. ಹಳೆಯ ಕಾರುಗಳ ಪಾಲಿಸಿ ಕೊಡುವವರು ಅಲ್ಲಿಯ ಲೈಸೆನ್ಸ್ ಪಡೆದು ಎಷ್ಟು ವರ್ಷವಾಯಿತೆಂದು ಕೇಳಿದರು. ಹೆಂಡತಿಯ ಕೆಲಸದ ವೀಸಾದ ಬಾಲ ಹಿಡಿದು ಡಿಪೆಂಡೆಂಟ್ ಆಗಿ ಹೋದ ಪ್ರಬಂಧಕಾರನ ಲೈಸೆನ್ಸು ಇನ್ನೂ ಎಳಸು; ಅವಳದು ಬಲಿತದ್ದು. ಪಾಲಿಸಿ ಬಂದಿದೆ. ಅದರಲ್ಲಿ ಚಾಲಕರ ಕಾಲಮ್ಮಿನಲ್ಲಿ ಒಂದೇ ಹೆಸರಿದೆ, ಅದು ಪ್ರಬಂಧಕಾರನದಲ್ಲ. “ಮೊದಲು ದೂರ ಓಡಿಸಿದ್ದೂ ಹೆಂಗಸೇ ಅಂತ ನೀವೇ ಬರೆದಿದ್ದೀರಲ್ಲ, ಪ್ರಮಾಣ ಬೇರೆ ಬೇಕಾ?” ಎಂದು ಕೇಳಿ ಅವಳು ಕೀಲಿಯನ್ನು ಪರ್ಸಿಗೆ ಹಾಕಿಕೊಂಡಳು.

ಆದಕಾರಣ ಈ ಪ್ರಬಂಧದಲ್ಲಿ ‘ಓಡಿಸಿಕೊಂಡು’ ಎಂದಿರುವ ಕಡೆಯೆಲ್ಲ ‘ಪಕ್ಕದ ಸೀಟಿನಲ್ಲಿ ಕುಳಿತುಕೊಂಡು’ ಎಂಬ ಪಾಠಾಂತರವನ್ನು ಓದುಗರು ಸ್ವೀಕರಿಸಬೇಕು. ಪುಳಿಯೋಗರೆ ಡಬ್ಬಿ ತೊಡೆಯ ಮೇಲೆ.